ಕೆರೆಯ ತಳಕ್ಕೆ ಬೆಳಕು ಮುಟ್ಟಿಸಿದ ಮೇಲೆ ಹುಲ್ಲು ನೆಟ್ಟೆವು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ, ನೀರಿನಿಂದ ಪರಾಗಸ್ಪರ್ಶ ಆಗುವ ಸಸ್ಯಗಳ ಬಗ್ಗೆ ಅರ್ಧ ಪುಟದಷ್ಟು ಪಾಠವಿದೆ. ಮೂರು ಹೆಸರು ಬರುತ್ತವೆ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಜೋಸ್ಟೆರಾ. ಮೊದಲಿನ ಎರಡು ಸಿಹಿನೀರಿನವು, ಮೂರನೆಯದು ಕಡಲಹುಲ್ಲು. ಕೊಪ್ಪಳ ಜಿಲ್ಲೆಯ ಒಂದು ಕಾಲೇಜಿನಲ್ಲಿ ಈ ಪಾಠ ಹೇಳುತ್ತ ಬಂದವನು ನಾನು. ನಮ್ಮ ಊರ ಕೆರೆಯಲ್ಲಿ ಕಾಣೆಯಾಗಿದ್ದ, ನೀರೊಳಗೆ ಹುಲ್ಲಿನಂತೆ ಬೆಳೆಯುವ ವ್ಯಾಲಿಸ್ನೇರಿಯಾವನ್ನು ವಿದ್ಯಾರ್ಥಿಗಳ ಜೊತೆ ಸೇರಿ ಮತ್ತೆ ಬೆಳೆಸಿದ್ದೇವೆ. ಕೆಲಸದ ರೀತಿ ಕಲಿತದ್ದು ಮಾತ್ರ ಕಡಲಹುಲ್ಲು ಉಳಿಸುವವರಿಂದ.

ಕಡಲಹುಲ್ಲು ಪಾಚಿಯ ಜಾತಿಯದಲ್ಲ. ಬೇರು, ಕಾಂಡ, ಹೂವು, ಬೀಜ ಎಲ್ಲ ಇರುವ ಗಿಡ. ನೆಲದ ಮೇಲಿನ ಗಿಡಗಳ ವಂಶದ್ದೇ, ಬಹಳ ಹಿಂದೆ ನೀರಿಗಿಳಿದದ್ದು. ಜಗತ್ತಿನಲ್ಲಿ ಸುಮಾರು 70 ಜಾತಿಗಳಿವೆ. ಅವುಗಳಲ್ಲಿ ಹ್ಯಾಲೋಫಿಲಾ, ಥಲಾಸಿಯಾ, ಎನ್‌ಹಾಲಸ್ ಎಂಬವು ನಮ್ಮ ಕೆರೆಯ ವ್ಯಾಲಿಸ್ನೇರಿಯಾ ಇರುವ ಹೈಡ್ರೊಕ್ಯಾರಿಟೇಸಿ ಕುಟುಂಬಕ್ಕೇ ಸೇರಿದವು. ತಮಿಳುನಾಡಿನ ಪಾಕ್ ಕೊಲ್ಲಿಗೆ ಹೋದಾಗ ಸೊಂಟದುದ್ದ ನೀರಿನಲ್ಲಿ ನಿಂತು ಎನ್‌ಹಾಲಸ್‌ನ ಪಟ್ಟಿಯಂಥ ಎಲೆ ಮುಟ್ಟಿದೆ. ದೊಡ್ಡದು, ದಪ್ಪ, ಆದರೆ ನೋಡಿದ ಕೂಡಲೇ ನಮ್ಮ ಕೆರೆಯದರ ಬಳಗ ಎಂದು ಗೊತ್ತಾಗುತ್ತದೆ.

ಅಲ್ಲಿ ಕಡಲಹಸು ಎನ್ನುವ ಡುಗಾಂಗ್ ಈ ಹುಲ್ಲನ್ನೇ ಮೇಯುತ್ತದೆ. 2022ರಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಡುಗಾಂಗ್ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ದೇಶದಲ್ಲಿ ಅದೇ ಮೊದಲನೆಯದು. ತಳ ಗೋರುವ ಬಲೆಗಳು ಹುಲ್ಲನ್ನು ಬೇರುಸಹಿತ ಕೀಳುತ್ತವೆ, ಜೊತೆಗೆ ಎದ್ದ ಕೆಸರು ಉಳಿದ ಹುಲ್ಲಿನ ಬೆಳಕನ್ನೂ ಕಸಿಯುತ್ತದೆ. ಅಲ್ಲಿ ಕೆಲಸ ಮಾಡುವವರು ಬಿದಿರಿನ ಚೌಕಟ್ಟಿಗೆ ನಾರಿನ ಹಗ್ಗ ಬಿಗಿದು, ಹಗ್ಗಕ್ಕೆ ಹುಲ್ಲಿನ ತುಂಡು ಕಟ್ಟಿ ತಳಕ್ಕೆ ಇಳಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅವರು ನೆಡುವ ಮುಂಚೆ ಮಾಡುವ ಕೆಲಸ. ನೀರು ಎಷ್ಟು ತಿಳಿಯಾಗಿದೆ ಎಂದು ನೋಡದೆ ಅವರು ಒಂದು ತುಂಡನ್ನೂ ನೆಡುವುದಿಲ್ಲ. ಅಮೆರಿಕದ ಟ್ಯಾಂಪಾ ಕೊಲ್ಲಿಯಲ್ಲಿ ಕಡಲಹುಲ್ಲು ಸಾವಿರಾರು ಎಕರೆ ಮರಳಿ ಬಂದದ್ದೂ ಹೀಗೆಯೇ: ನಗರದ ಕೊಳಚೆಯ ಸಾರಜನಕ ಕಡಿಮೆ ಮಾಡಿದರು, ನೀರು ತಿಳಿಯಾಯಿತು, ಹುಲ್ಲು ಹೆಚ್ಚಿನಂಶ ತಾನೇ ಹಬ್ಬಿತು.

ಊರಿಗೆ ಬಂದು ಮೊದಲು ಮಾಡಿಸಿದ್ದು ಒಂದು ತಟ್ಟೆ. 1865ರಲ್ಲಿ ಏಂಜೆಲೊ ಸೆಕಿ ಎಂಬ ಇಟಲಿಯ ಪಾದ್ರಿ ಮೆಡಿಟರೇನಿಯನ್ ಕಡಲಿನಲ್ಲಿ ಬಿಳಿ ತಟ್ಟೆ ಇಳಿಸಿ ನೀರಿನ ತಿಳಿ ಅಳೆದಿದ್ದ. ಆತನ ಹೆಸರಿನ ತಟ್ಟೆಯೇ ಇದು: 20 ಸೆಂಟಿಮೀಟರ್ ಅಗಲದ ತಗಡು, ನಾಲ್ಕು ಪಾಲು ಮಾಡಿ ಕಪ್ಪು ಬಿಳಿ ಬಣ್ಣ, ನಡುವೆ ಹಗ್ಗ, ಹಗ್ಗಕ್ಕೆ ಗುರುತಿನ ಗಂಟು. ನೆತ್ತಿಯ ಮೇಲೆ ಸೂರ್ಯ ಇರುವಾಗ ದೋಣಿಯ ನೆರಳಿನ ಬದಿಗೆ ಇಳಿಸಬೇಕು, ಕಣ್ಣಿಗೆ ಮರೆಯಾದ ಆಳ ಬರೆದುಕೊಳ್ಳಬೇಕು. ಆ ಆಳಕ್ಕೆ ಹೋಗುವುದು ಮೇಲಿನ ಬೆಳಕಿನ ಸ್ವಲ್ಪ ಪಾಲು ಮಾತ್ರ, ಸರಿಸುಮಾರು ಶೇ 10ರಿಂದ 20. ನೀರೊಳಗಿನ ಹುಲ್ಲು ಬದುಕುವುದಕ್ಕೂ ಹೆಚ್ಚುಕಡಿಮೆ ಅಷ್ಟಾದರೂ ಬೇಕು. ನಮ್ಮ ಕೆರೆಯಲ್ಲಿ ತಟ್ಟೆ ಒಂದು ಗೇಣಿಗೇ ಮರೆಯಾಯಿತು. ಅಂಥ ನೀರಿನಲ್ಲಿ ಏನು ನೆಟ್ಟರೂ ಕೊಳೆಯುತ್ತದೆ. ಹಾಗಾಗಿ ಆ ವರ್ಷ ನಾವು ನೆಡಲೇ ಇಲ್ಲ.

ಕೆಸರು ಎಲ್ಲಿಂದ ಬರುತ್ತದೆ ಎಂದು ಹುಡುಕಿಕೊಂಡು ಮಳೆಯಲ್ಲಿ ಹಳ್ಳದುದ್ದಕ್ಕೂ ನಡೆದೆವು. ಮೇಲ್ಗಡೆಯ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಿಂದ ಹೆಚ್ಚು ಬರುತ್ತಿತ್ತು. ಎರಿ ಮಣ್ಣಿನ ಕಣ ಎಷ್ಟು ನಯ ಎಂದರೆ ಬಾಟಲಿಯಲ್ಲಿ ಹಿಡಿದಿಟ್ಟ ನೀರು ದಿನಗಟ್ಟಲೆ ತಿಳಿಯಾಗುವುದಿಲ್ಲ. ಹೊಲದವರು ಒಪ್ಪಿ ಒಡ್ಡಿನ ಮೇಲೆ ಲಾವಂಚ ಹಚ್ಚಿದರು, ಹಳ್ಳ ಕೆರೆಗೆ ಸೇರುವ ಮುಂಚೆ ಕಲ್ಲಿನ ತಡೆ ಕಟ್ಟಿ ಹೂಳು ನಿಲ್ಲುವ ಗುಂಡಿ ತೋಡಿದೆವು. ಗೊಬ್ಬರದ ನೀರು ಎರಡನೆಯ ತೊಂದರೆ. ಯೂರಿಯಾ, ಡಿಎಪಿ ತೊಳೆದು ಬಂದರೆ ನೀರು ಹಸಿರಾಗುತ್ತದೆ, ಎಲೆಯ ಮೇಲೂ ಲೋಳೆ ಕೂರುತ್ತದೆ. ಬೆರಳಿನಿಂದ ಎಲೆ ಸವರಿ ನೋಡಿ, ಕಂದು ಪದರ ಕಿತ್ತು ಬರುತ್ತದೆ. ಆ ಪದರದ ಕೆಳಗೆ ಎಲೆ ಹಸಿವಿನಿಂದ ಸಾಯುತ್ತಿರುತ್ತದೆ. ಕಡಲಿನಲ್ಲೂ ಇದೇ ಕಥೆ. ದನ ಮೈ ತೊಳೆಯುವುದನ್ನು ಕೋಡಿಯ ಬದಿಗೆ ಸರಿಸಲು ಊರಿನವರನ್ನು ಒಪ್ಪಿಸಲು ಬಹಳ ಮಾತು ಬೇಕಾಯಿತು, ಕೊನೆಗೆ ಅಲ್ಲಿ ಮೆಟ್ಟಿಲು ಹಾಕಿಕೊಟ್ಟ ಮೇಲೆ ಸಲೀಸಾಯಿತು.

ಮೂರನೆಯದು ಮೀನು. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ಹುಳ ಹುಡುಕುವ ಮೀನು, ಹುಲ್ಲುಗೆಂಡೆ ಹುಲ್ಲನ್ನೇ ತಿನ್ನುವುದು. ಮೀನಿನ ಗುತ್ತಿಗೆ ಹಿಡಿದವರ ಜೊತೆ ಕೂತು ಮಾತಾಡಿ, ಇವೆರಡರ ಬದಲು ಕಾಟ್ಲಾ, ರೋಹು ಮರಿ ಬಿಡುವಂತೆ ಕೇಳಿದೆವು. ಕಾಟ್ಲಾ ಮೇಲ್ನೀರಿನಲ್ಲಿ ತಿನ್ನುವ ಮೀನು, ಮಾರಾಟಕ್ಕೂ ತೊಂದರೆಯಿಲ್ಲ, ಒಪ್ಪಿದರು. ಮೀನುಗಾರರನ್ನು ಬಿಟ್ಟು ಕೆರೆ ಕೆಲಸ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಮಳೆಗಾಲ ಮುಗಿದಾಗ ತಟ್ಟೆ ಒಂದು ಮೊಳ ದಾಟಿ ಕಾಣತೊಡಗಿತು. ಆಗ ಗಿಡ ತಂದೆವು. ತುಂಗಭದ್ರಾ ಎಡದಂಡೆ ಕಾಲುವೆಗೆ ಮೊದಲ ಬೆಳೆ ಮುಗಿದ ಮೇಲೆ ನೀರು ನಿಲ್ಲಿಸಿದಾಗ ಉಪಕಾಲುವೆಯ ಗುಂಡಿಗಳಲ್ಲಿ ವ್ಯಾಲಿಸ್ನೇರಿಯಾ ಹಾಗೇ ಉಳಿದಿರುತ್ತದೆ, ಬಿಟ್ಟರೆ ಒಣಗಿ ಹೋಗುವಂಥದ್ದು. ಬೇರೆ ಕೆರೆಯ ಒಳ್ಳೆಯ ಹುಲ್ಲು ಕೀಳಬೇಕಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಅದೇ ದಿನ ತಂದು, ಒಂದೊಂದು ಹಂಬನ್ನೂ ತೊಟ್ಟಿಯಲ್ಲಿ ತೊಳೆದು ನೋಡಿದೆವು. ನೀರಿನ ಮೇಲೆಲ್ಲ ಹಬ್ಬಿ ಬೆಳಕು ಮುಚ್ಚುವ ಅಂತರಗಂಗೆಯ ಒಂದು ಸಣ್ಣ ಚೂರು ಜೊತೆಗೆ ಬಂದರೂ ಕೆರೆ ಮುಗಿದ ಹಾಗೆ. ಹೈಡ್ರಿಲ್ಲಾವನ್ನು ಬೇಕೆಂದೇ ಬಿಟ್ಟೆವು, ಅದು ಒಮ್ಮೆ ಹಬ್ಬಿತೆಂದರೆ ತೂಬಿನ ಬಾಯಿ ಕಟ್ಟುತ್ತದೆ, ರೈತರು ನಮ್ಮನ್ನು ಕೆರೆಗೆ ಸೇರಿಸುವುದಿಲ್ಲ.

ನೆಟ್ಟದ್ದು ಮೊಣಕಾಲುದ್ದ ನೀರಿನಲ್ಲಿ, ಪಾಕ್ ಕೊಲ್ಲಿಯ ರೀತಿಯಲ್ಲೇ. ಬಿದಿರಿನ ಚೌಕ, ನಾರಿನ ಹಗ್ಗ, ಗೇಣಿಗೊಂದು ಗಿಡ. ಗಿಡದ ಸುಳಿ ಮಣ್ಣಿನಲ್ಲಿ ಹುಗಿಯಬಾರದು, ಬೇರು ಮಾತ್ರ ಒಳಗೆ ಹೋಗಬೇಕು. ಸುತ್ತ ಬಲೆಯ ಬೇಲಿ. ನಾರು ಕೊಳೆಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ, ಪ್ಲಾಸ್ಟಿಕ್ ದಾರ ಬಳಸಿದರೆ ಅದು ಕೆರೆಯಲ್ಲೇ ಉಳಿಯುತ್ತದೆ.

ಹೂ ಬಿಟ್ಟ ದಿನಗಳಲ್ಲಿ ಇಡೀ ತರಗತಿಯನ್ನು ದಂಡೆಗೆ ಕರೆದೊಯ್ದೆ. ಹೆಣ್ಣು ಹೂವು ಉದ್ದನೆಯ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬಂದು ನಿಲ್ಲುತ್ತದೆ, ಅದರ ಸುತ್ತ ನೀರು ಸಣ್ಣಗೆ ತಗ್ಗಾಗುತ್ತದೆ. ಗಂಡು ಹೂಗಳು ಬುಡದಲ್ಲೇ ಕಳಚಿಕೊಂಡು ಮೇಲೆ ಬಂದು ರವೆ ಚೆಲ್ಲಿದ ಹಾಗೆ ತೇಲುತ್ತವೆ. ಗಾಳಿಗೆ ತೇಲುತ್ತ ಆ ತಗ್ಗಿನ ಹತ್ತಿರ ಬಂದದ್ದು ಒಳಕ್ಕೆ ಜಾರುತ್ತದೆ. ಪರಾಗಸ್ಪರ್ಶ ಆದ ಮೇಲೆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯನ್ನು ತಳಕ್ಕೆ ಎಳೆದುಕೊಳ್ಳುತ್ತದೆ. ಎನ್‌ಹಾಲಸ್ ಕಡಲಿನಲ್ಲಿ ಇದೇ ರೀತಿ ಮಾಡುತ್ತದೆ. ಜೋಸ್ಟೆರಾ ಮಾತ್ರ ಬೇರೆ: ಹೂವು ನೀರೊಳಗೇ ಇರುತ್ತದೆ, ದಾರದಂಥ ಉದ್ದನೆಯ ಪರಾಗ ಒಳಗೊಳಗೇ ಹರಿದು ಹೋಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದ ಮಕ್ಕಳು ಅವತ್ತು ನೀರಿನಿಂದ ಕಣ್ಣು ಕೀಳಲಿಲ್ಲ.

ಹೂಳೆತ್ತುವ ವಿಷಯ ಹೇಳಲೇಬೇಕು. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದ್ದನ್ನು ಕಂಡವರಿಗೆ ಜನ ಸೇರಿದರೆ ಏನಾಗುತ್ತದೆ ಎಂಬುದು ಗೊತ್ತು. ಹೂಳು ತೆಗೆಯಲೇಬೇಕು, ಆ ಮಣ್ಣು ಹೊಲಕ್ಕೂ ಬೇಕು. ಆದರೆ ಮೇಲಿನ ಗೇಣು ಹೂಳಿನಲ್ಲೇ ಹುಲ್ಲಿನ ಬೀಜ, ಗೆಡ್ಡೆ ಇರುತ್ತವೆ. ದಂಡೆಯಿಂದ ದಂಡೆಗೆ ಪೆಟ್ಟಿಗೆಯ ಹಾಗೆ ಕಡಿದರೆ ಬೀಜವೂ ಹೋಯಿತು, ಬೆಳಕು ಮುಟ್ಟುವ ತಗ್ಗು ನೀರಿನ ಜಾಗವೂ ಹೋಯಿತು. ನಾಮದ ಕೋಳಿ, ಬಾತುಗಳು ಬಂದು ಮೇಯಲು ಏನೂ ಇಲ್ಲದೆ ಮುಂದಕ್ಕೆ ಹೋಗುತ್ತವೆ. ನಮ್ಮ ಕೆರೆಯಲ್ಲಿ ಹುಲ್ಲು ಹೋದದ್ದೂ ಹಾಗೆಯೇ. ಈಗ ನಾವು ಕೇಳುವುದು ಇಷ್ಟು: ನಡುವೆ ಬೇಸಿಗೆಗೂ ನೀರು ನಿಲ್ಲುವಷ್ಟು ಆಳ ತೆಗೆಯಿರಿ, ಸುತ್ತ ಒಂದು ಇಳಿಜಾರಿನ ಮೆಟ್ಟಿಲು ಬಿಡಿ, ಒಂದು ಮೂಲೆಯ ಹೂಳು ಮುಟ್ಟಬೇಡಿ. ಜೆಸಿಬಿಯವರಿಗೆ ಹುಲ್ಲಿನ ಮಾತು ಅಷ್ಟಾಗಿ ತಾಗಲಿಕ್ಕಿಲ್ಲ. ಕಡಿದಾದ ದಂಡೆಯಿಂದ ದನ, ಮಕ್ಕಳು ಜಾರಿ ಮುಳುಗುವ ಮಾತು ತಾಗುತ್ತದೆ, ಅದೂ ಅಷ್ಟೇ ನಿಜ.

ಕೆರೆ ಪೂರ್ತಿ ಬತ್ತಿದ ವರ್ಷಕ್ಕೆಂದು ಕಾಲೇಜಿನ ಸಿಮೆಂಟ್ ತೊಟ್ಟಿಯಲ್ಲಿ ಒಂದಷ್ಟು ಗಿಡ ಸಾಕಿದ್ದೇವೆ. ಪಕ್ಕದ ಊರಿನವರು ತಮ್ಮ ಕೆರೆಗೆ ಬೇಕೆಂದು ಕೇಳಿದ್ದಾರೆ. ಸದ್ಯ ಅವರಿಗೆ ತಟ್ಟೆ, ಹಗ್ಗ, ಬರೆದುಕೊಳ್ಳಲು ಒಂದು ವಹಿ ಕೊಟ್ಟಿದ್ದೇವೆ. ದೀಪಾವಳಿ ಕಳೆದ ಮೇಲೆ ಅಲ್ಲಿ ತಟ್ಟೆ ಒಂದು ಮೊಳ ಕಂಡರೆ ಗಿಡ ಕಳಿಸುತ್ತೇವೆ.