ಗುರಿಯನ್ನು ಮಣಿಕಟ್ಟಿಗೆ ಬಿಡಿ: ಕಂಟ್ರೋಲರ್‌ನ ಜೈರೋ ಹದಗೊಳಿಸುವುದು ಹೇಗೆ?

ಕಂಟ್ರೋಲರ್ ಹಿಡಿದು ಶೂಟಿಂಗ್ ಗೇಮ್ ಆಡುವವರ ತಲೆನೋವು ಸಾಮಾನ್ಯವಾಗಿ ಒಂದೇ. ಗುರಿ ಎದುರಾಳಿಯನ್ನು ದಾಟಿ ಆಚೆ ಹೋಗುತ್ತದೆ. ವಾಪಸ್ ಎಳೆದರೆ ಈಚೆಗೆ ಬಂದು ಬೀಳುತ್ತದೆ. ಇದಕ್ಕೆ ನಿಮ್ಮ ಹೆಬ್ಬೆರಳನ್ನು ಬೈಯಬೇಡಿ. ಕ್ಯಾಮೆರಾ ಎಷ್ಟು ವೇಗವಾಗಿ ತಿರುಗಬೇಕು ಎಂದಷ್ಟೇ ಹೆಬ್ಬೆರಳಿನಡಿಯ ಸ್ಟಿಕ್ ಹೇಳಬಲ್ಲದು, ಎಲ್ಲಿ ನಿಲ್ಲಬೇಕು ಎಂದು ಹೇಳಲಾರದು. ನಲ್ಲಿ ಬಿಟ್ಟು ಕೊಡ ತುಂಬಿಸುವಾಗ ಸರಿಯಾದ ಕ್ಷಣಕ್ಕೆ ನಲ್ಲಿ ನಿಲ್ಲಿಸಬೇಕಲ್ಲ, ಅದೇ ಪಾಡು. ಕಂಟ್ರೋಲರ್ ಎಷ್ಟು ತಿರುಗಿತು ಎಂದು ಅಳೆಯುವ, ಅದರೊಳಗಿನ ಸೆನ್ಸರ್ ಜೈರೋ ಹಾಗಲ್ಲ. ಕಂಟ್ರೋಲರನ್ನು ಐದು ಡಿಗ್ರಿ ತಿರುಗಿಸಿದರೆ ಗುರಿ ಅದಕ್ಕೆ ತಕ್ಕಷ್ಟು ಸರಿಯುತ್ತದೆ. ಕೈ ನಿಂತರೆ ಅದೂ ನಿಲ್ಲುತ್ತದೆ.

ಮೊಬೈಲ್‌ನಲ್ಲಿ ಬಿಜಿಎಂಐ ಆಡುವ ಹುಡುಗರಿಗೆ ಇದೇನೂ ಹೊಸದಲ್ಲ. ಜೈರೋವನ್ನು ‘ಸ್ಕೋಪ್ ಆನ್’ (ಸ್ಕೋಪ್‌ನಲ್ಲಿ ಗುರಿ ಹಿಡಿದಾಗ ಮಾತ್ರ) ಇಡಬೇಕೋ ‘ಆಲ್ವೇಸ್ ಆನ್’ (ಸದಾ) ಇಡಬೇಕೋ ಎಂದು ಅವರು ಗಂಟೆಗಟ್ಟಲೆ ಜಗಳ ಆಡಬಲ್ಲರು. ಟಿವಿ ಮುಂದೆ ಕೂತವರು ಮಾತ್ರ ಅದೇ ಸೌಲಭ್ಯವನ್ನು ಕಂಟ್ರೋಲರ್‌ನೊಳಗೆ ಮಲಗಿಸಿಟ್ಟಿರುತ್ತಾರೆ.

ಒಳಗೆ ಏನಿದೆ?

ಇರುವುದು ಎರಡು ಬಗೆಯ ಸೆನ್ಸರ್. ಆಕ್ಸೆಲೆರೊಮೀಟರ್ ಎಂಬುದು ಸಣ್ಣ ಸ್ಪ್ರಿಂಗುಗಳಿಗೆ ಕಟ್ಟಿದ ಸಿಲಿಕಾನ್ ತುಣುಕು. ಕಂಟ್ರೋಲರ್ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಗುರುತ್ವದ ಎಳೆತ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ‘ಕೆಳಗೆ’ ಎಂದರೆ ಯಾವ ಕಡೆ ಎಂದು ಅದು ಬಲ್ಲದು. ಆದರೆ ಕಂಟ್ರೋಲರನ್ನು ಮೇಜಿನ ಮೇಲೇ ಇಟ್ಟು ಗಿರ್ರನೆ ತಿರುಗಿಸಿದರೆ ಗುರುತ್ವದ ದಿಕ್ಕು ಬದಲಾಗುವುದಿಲ್ಲ. ಆ ತಿರುಗಾಟವನ್ನು ಅದು ಅಳೆಯಲಾರದು. ಅಲ್ಲಿಗೆ ಬೇಕಾಗುವುದೇ ಜೈರೋ. ಅದರೊಳಗಿನ ತುಣುಕು ಸದಾ ಕಂಪಿಸುತ್ತಿರುತ್ತದೆ. ತಿರುಗಿಸಿದೊಡನೆ ಕೊರಿಯೊಲಿಸ್ ಬಲ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಸಣ್ಣ ಸರಿದಾಟದಿಂದಲೇ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಿತು ಎಂಬ ಲೆಕ್ಕ ಸಿಗುತ್ತದೆ.

ಈ ಎರಡೂ ಜೊತೆಗೂಡಲು ಕಾಲ ಹಿಡಿಯಿತು. 2006ರಲ್ಲಿ ನಿಂಟೆಂಡೊ ವೀ ಬಂದಾಗ ಅದರ ರಿಮೋಟ್‌ನಲ್ಲಿ ಇದ್ದದ್ದು ಆಕ್ಸೆಲೆರೊಮೀಟರ್, ಜೊತೆಗೆ ಟಿವಿ ಬಳಿಯ ಬಾರ್‌ನ ಇನ್‌ಫ್ರಾರೆಡ್ ದೀಪಗಳನ್ನು ನೋಡುವ ಕ್ಯಾಮೆರಾ. ಟೆನಿಸ್ ಆಡುವಾಗ ಸೋಫಾದಲ್ಲಿ ಕೂತು ಮಣಿಕಟ್ಟು ಕುಲುಕಿಸಿದರೂ ಚೆಂಡು ಹಾರುತ್ತಿತ್ತು. ಬೀಸಿದ್ದು ಗೊತ್ತಾಗುತ್ತಿತ್ತು, ಹೇಗೆ ಬೀಸಿದರು ಎಂಬುದು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. 2009ರಲ್ಲಿ ಮೋಷನ್‌ಪ್ಲಸ್ ಎಂಬ ಬಾಲ ಅಂಟಿಸಿ ಜೈರೋ ಸೇರಿಸಿದ ಮೇಲೆ ಈ ಕೊರತೆ ಬಹುಮಟ್ಟಿಗೆ ನೀಗಿತು. ಸೋನಿ 2013ರಲ್ಲಿ ತಂದ ಡ್ಯುಯಲ್‌ಶಾಕ್ 4ರಲ್ಲಿ ಮೂರು ಅಕ್ಷದ ಜೈರೋ, ಮೂರು ಅಕ್ಷದ ಆಕ್ಸೆಲೆರೊಮೀಟರ್ ಎರಡೂ ಇವೆ.

ಇನ್ನು ಕೆಲಸಕ್ಕೆ ಇಳಿಯೋಣ.

1. ಜೈರೋ ಇದೆಯೇ ನೋಡಿ

ಪಿಎಸ್4, ಪಿಎಸ್5, ಸ್ವಿಚ್‌ನ ಜಾಯ್‌ಕಾನ್ ಮತ್ತು ಪ್ರೊ ಕಂಟ್ರೋಲರ್, ಸ್ಟೀಮ್ ಡೆಕ್: ಇವುಗಳಲ್ಲಿ ಇದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆ ಬಂದ ಕಂಟ್ರೋಲರ್‌ನಲ್ಲಿ ಇಲ್ಲ, ಮೈಕ್ರೋಸಾಫ್ಟ್‌ನ ಈ ಹಟ ನನಗಂತೂ ಅರ್ಥವಾಗಿಲ್ಲ. ಗೇಮ್‌ನಲ್ಲೂ ಆ ಆಯ್ಕೆ ಇರಬೇಕು. ಪಿಸಿಯಲ್ಲಿ ಆಡುವವರಿಗೆ ಅಷ್ಟು ಚಿಂತೆಯಿಲ್ಲ: ಪಿಸಿ ಗೇಮ್ ಅಂಗಡಿ ಸ್ಟೀಮ್‌ನ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಜೈರೋವನ್ನು ಮೌಸ್‌ನಂತೆ ವರ್ತಿಸಲು ಹೇಳಿದರೆ ಹೆಚ್ಚಿನ ಗೇಮ್‌ಗಳು ಒಪ್ಪಿಕೊಳ್ಳುತ್ತವೆ. ಮೌಸ್ ಮತ್ತು ಕಂಟ್ರೋಲರ್ ಒಟ್ಟಿಗೆ ಬಂದರೆ ಗಲಿಬಿಲಿಯಾಗಿ ಪರದೆಯ ಬಟನ್ ಚಿಹ್ನೆಗಳನ್ನು ಕ್ಷಣಕ್ಷಣಕ್ಕೂ ಬದಲಾಯಿಸುವ ಗೇಮ್‌ಗಳೂ ಇವೆ.

2. ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ

ಜೈರೋ ಸುಮ್ಮನಿದ್ದಾಗಲೂ ಒಂದಿಷ್ಟು ತಿರುಗುತ್ತಿದ್ದೇನೆ ಎಂದು ಸುಳ್ಳು ಹೇಳುತ್ತದೆ. ಆ ಸಣ್ಣ ಸುಳ್ಳು ಕೂಡುತ್ತಾ ಹೋದರೆ ಗುರಿ ತಾನಾಗಿಯೇ ಒಂದು ಕಡೆಗೆ ತೇಲತೊಡಗುತ್ತದೆ, ಇದೇ ಡ್ರಿಫ್ಟ್. ಕಂಟ್ರೋಲರನ್ನು ಸಮತಟ್ಟಾದ, ಅಲುಗಾಡದ ಜಾಗದಲ್ಲಿಟ್ಟು ಕ್ಯಾಲಿಬ್ರೇಷನ್ ಒತ್ತಿದರೆ ‘ಇದೇ ಸೊನ್ನೆ’ ಎಂದು ಅದಕ್ಕೆ ತಿಳಿಸಿಕೊಟ್ಟಂತೆ. ಹಾಸಿಗೆ, ತೊಡೆ ಬೇಡ. ಬಿಸಿ ಏರಿಳಿದರೆ ಈ ಸೊನ್ನೆಯೂ ಕದಲುವುದರಿಂದ, ಸ್ವಲ್ಪ ಹೊತ್ತು ಆಡಿದ ಮೇಲೆ ಇನ್ನೊಮ್ಮೆ ಮಾಡುವುದು ಒಳ್ಳೆಯದು.

3. ಯಾವಾಗ ಆನ್ ಆಗಬೇಕು?

ಹೊಸಬರು ಗುರಿ ಹಿಡಿಯುವ ಎಡ ಟ್ರಿಗರ್ ಒತ್ತಿದಾಗ ಮಾತ್ರ ಜೈರೋ ಆನ್ ಆಗುವಂತೆ ಇಟ್ಟುಕೊಳ್ಳಲಿ. ದೊಡ್ಡ ತಿರುವು ಸ್ಟಿಕ್‌ನದು, ಕೊನೆಯ ನಾಲ್ಕು ಡಿಗ್ರಿ ಮಣಿಕಟ್ಟಿನದು. ಈ ಹಂಚಿಕೆ ರೂಢಿಯಾದ ಮೇಲೆ ಸದಾ ಆನ್ ಇಡಬಹುದು. ಆಗ ಮಾತ್ರ ಒಂದು ಬಟನ್ ಜೈರೋವನ್ನು ಕ್ಷಣಕಾಲ ಆಫ್ ಮಾಡಲು ಮೀಸಲಿರಲೇಬೇಕು. ಕೈ ಒಂದೇ ಕಡೆಗೆ ವಾಲಿಹೋದಾಗ ಆ ಬಟನ್ ಒತ್ತಿಕೊಂಡು ಕೈಯನ್ನು ನೇರಕ್ಕೆ ತಂದು ಬಿಟ್ಟರಾಯಿತು, ಪರದೆ ಕದಲುವುದಿಲ್ಲ.

4. ಸೆನ್ಸಿಟಿವಿಟಿ

ಹೆಚ್ಚಿನವರು ಕೈಬಿಡುವುದು ಇಲ್ಲೇ. ಗೇಮ್ ಕೊಡುವ ಅಂಕಿ ಒಂದೊಂದರಲ್ಲಿ ಒಂದೊಂದು ಅರ್ಥದ್ದು, ಅದನ್ನು ನಂಬಬೇಡಿ. ನೀವೇ ಅಳೆಯಿರಿ: ಕಂಟ್ರೋಲರನ್ನು 30 ಡಿಗ್ರಿ ತಿರುಗಿಸಿದರೆ ಗೇಮ್‌ನೊಳಗೆ ಎಷ್ಟು ತಿರುಗಿತು? ಅಷ್ಟೇ ತಿರುಗಿದರೆ ಒಂದಕ್ಕೊಂದು. ಇದು ನಿಖರ, ಆದರೆ ಹಿಂದೆ ನೋಡಲು ನೀವೇ ಕುರ್ಚಿ ಸಮೇತ ತಿರುಗಬೇಕಾದೀತು. ಒಂದಕ್ಕೆ ಮೂರರಿಂದ ಆರಂಭಿಸಿ ಕೈಗೆ ಬೇಕಾದಂತೆ ಏರಿಸಿ, ಇಳಿಸಿ. ಅತಿ ಕಡಿಮೆ ಇಟ್ಟು ‘ಜೈರೋದಿಂದ ಏನೂ ಆಗಲ್ಲ’ ಎನ್ನುವವರೇ ಜಾಸ್ತಿ.

‘ಸ್ಮೂದಿಂಗ್’ ಮತ್ತು ‘ಡೆಡ್‌ಜೋನ್’ ಎರಡನ್ನೂ ಸೊನ್ನೆಗೆ ಇಳಿಸಿ. ಮೊದಲನೆಯದು ನಡುಕ ಮರೆಸುವ ನೆಪದಲ್ಲಿ ತಡ ಮಾಡುತ್ತದೆ. ಎರಡನೆಯದು ಸಣ್ಣ ಚಲನೆಯನ್ನೇ ನುಂಗಿಹಾಕುತ್ತದೆ, ನಮಗೆ ಬೇಕಾದದ್ದೋ ಆ ಸಣ್ಣ ಚಲನೆಯೇ. ಕೈ ನಿಜವಾಗಿಯೂ ನಡುಗುವವರು ಸ್ವಲ್ಪ ಇಟ್ಟುಕೊಳ್ಳಬಹುದು.

5. ಎಡ-ಬಲ ಯಾವ ಚಲನೆಗೆ?

ಮುಖ ತಿರುಗಿಸಿದಂತೆ ಪಕ್ಕಕ್ಕೆ ತಿರುಗಿಸುವುದು ‘ಯಾ’ (yaw). ಕಾರಿನ ಸ್ಟಿಯರಿಂಗ್‌ನಂತೆ ಓರೆ ಮಾಡುವುದು ರೋಲ್. ಟಿವಿ ಮುಂದೆ ‘ಯಾ’ ಸಲೀಸು. ಕಂಟ್ರೋಲರನ್ನು ಮುಖದತ್ತ ಎತ್ತಿ ಹಿಡಿಯುವವರಿಗೆ ಇವೆರಡೂ ಕಲಸಿಹೋಗುತ್ತವೆ. ‘ವರ್ಲ್ಡ್ ಸ್ಪೇಸ್’ ಅಥವಾ ‘ಪ್ಲೇಯರ್ ಸ್ಪೇಸ್’ ಎಂಬ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಆಕ್ಸೆಲೆರೊಮೀಟರ್ ಹೇಳುವ ‘ಕೆಳಗೆ’ ಯಾವುದೆಂದು ನೋಡಿಕೊಂಡು ಗೇಮ್ ಲೆಕ್ಕ ಸರಿಪಡಿಸಿಕೊಳ್ಳುತ್ತದೆ.

ಇಷ್ಟೂ ಕೈಗೆ ಹತ್ತಿದವರಿಗೆ ಮುಂದಿನ ಮೆಟ್ಟಿಲು ‘ಫ್ಲಿಕ್ ಸ್ಟಿಕ್’. ಗೇಮ್ ಡೆವಲಪರ್ ಜಿಬ್ ಸ್ಮಾರ್ಟ್ ರೂಪಿಸಿದ ಈ ವಿಧಾನದಲ್ಲಿ ಸ್ಟಿಕ್ ಯಾವ ದಿಕ್ಕಿಗೋ ಆ ದಿಕ್ಕಿಗೆ ಕ್ಯಾಮೆರಾ ಒಮ್ಮೆಲೇ ತಿರುಗಿ ನಿಲ್ಲುತ್ತದೆ, ಉಳಿದದ್ದೆಲ್ಲ ಜೈರೋ. ಫೋರ್ಟ್‌ನೈಟ್‌ನಲ್ಲಿ 2022ರಿಂದ ಇದೆ. ಮೊದಲ ವಾರ ತಲೆ ಸುತ್ತಿದಂತಾದರೆ ಗಾಬರಿಯಾಗಬೇಡಿ.

ಬಸ್ಸಿನಲ್ಲಿ ಸ್ವಿಚ್ ಅಥವಾ ಡೆಕ್ ಹಿಡಿದು ಆಡುವವರು ಮಾತ್ರ ಜೈರೋ ಆಫ್ ಮಾಡಿಬಿಡಿ. ಕೈ ತಿರುಗಿತೋ ಬಸ್ಸೇ ತಿರುಗಿತೋ ಸೆನ್ಸರ್‌ಗೆ ಭೇದವಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಡ್ರೈವರ್ ಸ್ಟಿಯರಿಂಗ್ ಎಳೆದರೆ ನಿಮ್ಮ ಬಂದೂಕೂ ಅತ್ತಲೇ ಹೊರಳುತ್ತದೆ.