ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು

ಜನವರಿಯಲ್ಲಿ ತಂಗಿಗೆ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಟ್ಟೆ. ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು.

ಚಳಿಗಾಲದ ಒಣಹವೆಯಲ್ಲಿ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತದೆ ಅಲ್ವಾ? ಆ ಸ್ಟ್ಯಾಟಿಕ್ ನಮ್ಮ ಬೆರಳಿಗೆ ಗೊತ್ತಾಗಲು ಸುಮಾರು 3,000 ವೋಲ್ಟ್ ಬೇಕು. ಚಿಪ್ ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಸ್ವೆಟರ್ ತೆಗೆದಿಟ್ಟು ಹತ್ತಿ ಅಂಗಿ ಹಾಕಿಕೊಂಡೆ. ಎಸ್‌ಎಂಪಿಎಸ್ ಅನ್ನು (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಮೂರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ಗೋಡೆಯ ಸ್ವಿಚ್ಚು, ಆ ಡಬ್ಬದ ಹಿಂಭಾಗದ ಸ್ವಿಚ್ಚು ಎರಡನ್ನೂ ಆಫ್ ಮಾಡಿದೆ. ಆಗ ಅರ್ಥಿಂಗ್ ಮಾತ್ರ ಉಳಿಯುತ್ತದೆ. ಪ್ರತಿ ಸಲ ಎಸ್‌ಎಂಪಿಎಸ್‌ನ ಸ್ಕ್ರೂ ಮುಟ್ಟಿಯೇ ಮುಂದಿನ ಭಾಗಕ್ಕೆ ಕೈ ಹಾಕಿದೆ. ನಮ್ಮ ಮನೆಯ ಅರ್ಥಿಂಗ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್‌ನಿಂದ ಮೊದಲೇ ನೋಡಿಸಿದ್ದೆ. ಇಲ್ಲದಿದ್ದರೆ ಈ ಉಪಾಯ ನಡೆಯದು.

ಈ ಪ್ರೊಸೆಸರ್‌ನ ಅಡಿಯಲ್ಲಿ 1,331 ಪಿನ್‌ಗಳಿವೆ, ಕೂದಲಿನಷ್ಟು ಮೆತ್ತಗೆ. ಹಿಂದೊಮ್ಮೆ ಇಂಥದ್ದನ್ನು ಬೆರಳಿನಿಂದ ಒತ್ತಿ, ಮೂಲೆಯ ಎರಡು ಪಿನ್ ಬಗ್ಗಿಸಿದ್ದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಅವನ್ನು ನೆಟ್ಟಗೆ ಮಾಡಲು ಒಂದು ಗಂಟೆ ಹಿಡಿಯಿತು. ಈ ಸಲ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಲಿವರ್ ಪೂರ್ತಿ ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಅಲ್ಲಿನ ತ್ರಿಕೋನಕ್ಕೆ ಸರಿಹೊಂದಿಸಿ, ಸುಮ್ನೆ ಇಟ್ಟೆ. ತನ್ನ ಭಾರಕ್ಕೇ ಕೆಳಗಿಳಿಯಿತು. ಇಳಿಯದಿದ್ದರೆ ಎತ್ತಿ ಮತ್ತೆ ಇಡಬೇಕು, ಒತ್ತಲೇಬಾರದು.

ರ‍್ಯಾಮ್ ಮಾತ್ರ ಇದಕ್ಕೆ ತದ್ವಿರುದ್ಧ. ಬೋರ್ಡನ್ನು ಅದರ ಡಬ್ಬದ ಮೇಲೆಯೇ ಇಟ್ಟು, ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟು ತೋರಿಸಿದೆ. ತಂಗಿ ಒತ್ತಿದಳು, ಅರ್ಧಕ್ಕೇ ನಿಲ್ಲಿಸಿದಳು. "ಅಣ್ಣಾ, ಬೋರ್ಡ್ ಮುರಿದುಹೋದರೆ?" ಆ ಭಯ ನನಗೂ ಇತ್ತು. ಟಕ್ ಅಂದದ್ದು ಕೇಳಿಸಿತು, ಸಾಕು ಅಂದುಕೊಂಡೆ.

ವೈರುಗಳಲ್ಲಿ ಒಂದು ಕಡೆ ತುಂಬಾ ಎಚ್ಚರ ಬೇಕು. ಪ್ರೊಸೆಸರ್‌ನ 8 ಪಿನ್ ಪ್ಲಗ್ಗೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಪ್ಲಗ್ಗೂ ನೋಡಲು ಒಂದೇ ಥರ. ಸಾಮಾನ್ಯವಾಗಿ ಮೊದಲನೆಯದು ನಾಲ್ಕು-ನಾಲ್ಕಾಗಿ ಬಿಡುತ್ತದೆ, ಎರಡನೆಯದು ಆರು-ಎರಡಾಗಿ. ಹೋಗದ ಕಡೆ ತುರುಕಿದರೆ ಬೋರ್ಡೇ ಸುಟ್ಟೀತು.

ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಬೋರ್ಡಿನ ಮೇಲೆ ರ‍್ಯಾಮ್‌ನ ಎಚ್ಚರಿಕೆ ದೀಪ ಉರಿಯುತ್ತಿತ್ತು. ಕರೆಂಟ್ ತೆಗೆದು ಟಾರ್ಚ್ ಹಾಕಿ ನೋಡಿದೆವು. ಒಂದು ರ‍್ಯಾಮ್‌ನ ಒಂದು ತುದಿ ಕೂದಲೆಳೆಯಷ್ಟು ಮೇಲಿತ್ತು. "ಎರಡೂ ತುದಿ ಒತ್ತು, ಜೋರಾಗಿ" ಅಂದೆ. ತಂಗಿ ಎರಡೂ ಹೆಬ್ಬೆರಳಿಟ್ಟು ಒತ್ತಿದಳು. ಟಕ್, ಟಕ್.