ಪಿಟೀಲು ಮುಂದೆ, ಗಿಟಾರ್ ಪಕ್ಕದಲ್ಲಿ: ಕ್ಲೇರ್ ಸೀಮೆಯಲ್ಲಿ ನನ್ನ ಅನುಭವ

ನಮ್ಮ ಸಂಗೀತ ಕಚೇರಿಗಳಲ್ಲಿ ಪಿಟೀಲು ಪಕ್ಕವಾದ್ಯ. ಹಾಡುವವರು ಎತ್ತಿಕೊಂಡ ಸಂಗತಿಯ ನೆರಳಿನಂತೆ ನಡೆಯುವುದು ಅದರ ಕೆಲಸ. ಮೈಸೂರಿನ ಮನೆಯಲ್ಲಿ ಅಕ್ಕ ಪಿಟೀಲು ಸಾಧನೆ ಮಾಡುವುದನ್ನು ಪಕ್ಕದ ಕೋಣೆಯಿಂದ ಕೇಳುತ್ತ ಬೆಳೆದು, ಕಾಲೇಜಿನಲ್ಲಿ ಸಿನಿಮಾ ಹಾಡುಗಳಿಗೆ ಗಿಟಾರ್ ನುಡಿಸಿ, ಆಮೇಲೆ ಉದ್ಯೋಗದ ಸಲುವಾಗಿ ಐರ್ಲೆಂಡಿನ ಲಿಮರಿಕ್‌ಗೆ ಬಂದ ನನಗೆ, ಅಲ್ಲಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ಕ್ಲೇರ್ ಕೌಂಟಿಯ ಎನಿಸ್ ಪಟ್ಟಣದಲ್ಲಿ ಈ ಲೆಕ್ಕ ತಲೆಕೆಳಗಾಗಿ ಕಂಡಿತು. ಅಲ್ಲಿ ಪಿಟೀಲೇ ಮನೆಯ ಯಜಮಾನ. ಗಿಟಾರ್ ಐವತ್ತು ಅರವತ್ತು ವರ್ಷಗಳ ಹಿಂದೆ ಬಂದು ಜಗಲಿಯಲ್ಲಿ ಕುಳಿತ ನೆಂಟ. ಆ ನೆಂಟನ ನಡವಳಿಕೆಯನ್ನು ಕಲಿಯಲು ನನಗೆ ಸುಮಾರು ಆರು ವರ್ಷ ಹಿಡಿಯಿತು.

ಹೊರಗಿನವರು ಇದನ್ನು ಕೆಲ್ಟಿಕ್ ಸಂಗೀತ ಎನ್ನುತ್ತಾರೆ. ನುಡಿಸುವವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಕಡಿಮೆ. ಅವರಿಗೆ ಅದು ಬರಿಯ 'ಟ್ರ್ಯಾಡ್', ಅಂದರೆ ಟ್ರೆಡಿಷನಲ್, ಪರಂಪರೆಯದು. ವಾರಕ್ಕೊಮ್ಮೆ ಪಬ್ಬಿನ ಒಂದು ಮೂಲೆಯಲ್ಲಿ ಪಿಟೀಲು, ಕೊಳಲು, ಕಾನ್ಸರ್ಟೀನಾ ಎಂಬ ಪುಟ್ಟ ಕೈತಿದಿಯ ವಾದ್ಯ ಹಿಡಿದವರು ಮೇಜಿನ ಸುತ್ತ ಕೂಡುತ್ತಾರೆ, ಒಬ್ಬರು ಒಂದು ಧಾಟಿಯನ್ನು ಎತ್ತಿಕೊಳ್ಳುತ್ತಾರೆ, ಬಲ್ಲವರು ಸೇರಿಕೊಳ್ಳುತ್ತಾರೆ. ಎದುರಿಗೆ ಹಾಳೆ ಇರುವುದಿಲ್ಲ. ಧಾಟಿಗಳು ಬಹುಮಟ್ಟಿಗೆ ರೀಲ್, ಜಿಗ್, ಪೋಲ್ಕಾ ಎಂಬಂಥ ಕುಣಿತಗಳವು. ಎಂಟು ಆವರ್ತಗಳ ಒಂದು ಭಾಗವನ್ನು ಎರಡು ಸಲ, ಇನ್ನೊಂದು ಭಾಗವನ್ನು ಎರಡು ಸಲ ನುಡಿಸಿದರೆ ಒಟ್ಟು 32 ಆವರ್ತಗಳಾಗುತ್ತವೆ. ಹಾಗೆ ಎರಡು ಮೂರು ಸುತ್ತು ಬಂದ ಮೇಲೆ, ತಡೆಯಿಲ್ಲದೆ ಮುಂದಿನ ಧಾಟಿಗೆ ಹೊರಳುತ್ತಾರೆ.

ನಾನು ಮೊದಲ ಸಲ ಗಿಟಾರ್ ಹೊರತೆಗೆದ ರಾತ್ರಿ ಬಂದದ್ದು 'ಕೂಲೀಸ್ ರೀಲ್'. ಗಾಲ್ವೇ ಸೀಮೆಯ ಅಕಾರ್ಡಿಯನ್ ವಾದಕ ಜೋ ಕೂಲಿ ಅವರ ಹೆಸರಿನಲ್ಲಿ ನಡೆಯುವ ಈ ಧಾಟಿಯನ್ನು ಅಲ್ಲಿ ಕಲಿಯುವ ಮಕ್ಕಳೂ ನುಡಿಸುತ್ತಾರೆ. ಅದು ಪಾಶ್ಚಾತ್ಯರ ಅಕ್ಷರದ ಲೆಕ್ಕದಲ್ಲಿ ಇ ಸ್ವರದ ಮೇಲೆ ನಿಂತದ್ದು ಎಂದು ಕಿವಿಗೆ ತಿಳಿಯಿತು, ಮೈನರ್ ಎಂದೂ ತಿಳಿಯಿತು. ಅಷ್ಟು ಸಾಕೆಂದುಕೊಂಡು ಸಿನಿಮಾ ಹಾಡಿಗೆ ಹಾಕುವಂತೆ ಇ ಮೈನರ್, ಜಿ, ಬಿ ಮೈನರ್ ಎಂದು ಆವರ್ತಕ್ಕೊಂದು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬದಲಿಸುತ್ತ ಹೋದೆ, ಮುಕ್ತಾಯಕ್ಕೆ ಸೊಗಸು ಬರಲೆಂದು ಏಳನೆಯ ಆವರ್ತದಲ್ಲಿ ಗಟ್ಟಿಯಾಗಿ ಒಂದು ಸಿ ಕಾರ್ಡ್ ಹೊಡೆದೆ. ಎದುರಿಗೆ ಕುಳಿತಿದ್ದ ಹಿರಿಯ ಪಿಟೀಲುಗಾರರ ಬಿಲ್ಲು ನಿಲ್ಲಲಿಲ್ಲ, ಆದರೆ ಹುಬ್ಬು ಗಂಟಾಯಿತು. ಎರಡನೆಯ ಸುತ್ತಿನಲ್ಲಿ ನಾನು ಅದೇ ಕಾರ್ಡನ್ನು ಇನ್ನಷ್ಟು ಗಟ್ಟಿಯಾಗಿ ಹೊಡೆದೆ, ಅವರು ಕುರ್ಚಿಯನ್ನು ತುಸು ಆಚೆ ತಿರುಗಿಸಿಕೊಂಡರು. ಬಿಡುವಿನಲ್ಲಿ ಅವರು ಕೇಳಿದ್ದು ಇಷ್ಟೇ: "ಈ ಧಾಟಿಯನ್ನು ಬಾಯಲ್ಲಿ ಹಾಡಲು ನಿಮಗೆ ಬರುತ್ತದೆಯೇ?" ಬರುತ್ತಿರಲಿಲ್ಲ.

ಮನೆಗೆ ಬಂದು ಅದನ್ನು ಸ್ವರ ಹಾಕಿಕೊಂಡು ಹಾಡಿದಾಗ ತಪ್ಪು ಸಿಕ್ಕಿತು. ಆ ಏಳನೆಯ ಆವರ್ತದ ಆರಂಭದಲ್ಲಿ ಧಾಟಿ ಎ, ಎಫ್ ಶಾರ್ಪ್, ಇ, ಸಿ ಶಾರ್ಪ್ ಎಂದು ಇಳಿಯುತ್ತದೆ. ಇ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಅದು ಮ ರಿ ಸ ದ; ಧೈವತ ಚತುಶ್ರುತಿ. ಅಂದರೆ ಇಡೀ ಧಾಟಿ ನಮ್ಮ ಖರಹರಪ್ರಿಯ ರಾಗದ ಸ್ವರಸ್ಥಾನಗಳಲ್ಲಿದೆ, ಅಲ್ಲಿನವರು ಅದನ್ನು ಡೋರಿಯನ್ ಎನ್ನುತ್ತಾರೆ. ನಾನು ಹೊಡೆದ ಸಿ ಕಾರ್ಡಿನಲ್ಲಿದ್ದದ್ದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಶುದ್ಧ ಧೈವತ. ಖರಹರಪ್ರಿಯ ನುಡಿಸುತ್ತಿರುವವರ ಕಾಲಬುಡದಲ್ಲಿ ನಾನು ನಠಭೈರವಿಯ ಸ್ವರವನ್ನು ಇಟ್ಟಿದ್ದೆ! ಅಕ್ಕನ ಪಾಠವನ್ನು ಗೋಡೆಯ ಈಚೆಯಿಂದ ಅಷ್ಟು ವರ್ಷ ಕೇಳಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ಧಾಟಿಯ ಮೊದಲ ಭಾಗಕ್ಕೆ ಬೇಕಾದದ್ದು ಎರಡೇ ಆಧಾರ: ಎರಡು ಆವರ್ತ ಇ, ಎರಡು ಆವರ್ತ ಡಿ, ಮತ್ತೆ ಎರಡು ಆವರ್ತ ಇ, ಕೊನೆಗೆ ಡಿ ಹಿಡಿದು ಇ ಮೇಲೆ ಇಳಿಯುವುದು. ಅಂದಿನಿಂದ ಒಂದು ಧಾಟಿಯನ್ನು ಬಾಯಲ್ಲಿ ಹಾಡಲು ಬರುವವರೆಗೆ ಅದಕ್ಕೆ ಗಿಟಾರ್ ಮುಟ್ಟುವುದಿಲ್ಲ ಎಂದು ಇಟ್ಟುಕೊಂಡೆ. ಹೆಚ್ಚಿನ ಧಾಟಿಗಳು ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಠಭೈರವಿ ಎಂಬ ನಾಲ್ಕು ಮೇಳಗಳ ಸ್ವರಗಳಲ್ಲೇ ಅಡಗುವುದರಿಂದ, ಈ ಒಂದು ವಿಷಯದಲ್ಲಿ ನಮ್ಮವರಿಗೆ ದಾರಿ ಅರ್ಧ ಸವೆದೇ ಇರುತ್ತದೆ. ಗಮಕ ಹುಡುಕಿಕೊಂಡು ಹೋದರೆ ಮಾತ್ರ ನಿರಾಶೆಯಾದೀತು. ಅಲ್ಲಿನ ಅಲಂಕಾರ ಬೆರಳಿನ ಚಿಕ್ಕ ಕತ್ತರಿಪೆಟ್ಟು, ಬಿಲ್ಲಿನ ನಡುಕ.

ಎರಡನೆಯ ಪಾಠ ಶ್ರುತಿಯದು. ಮಾಮೂಲಿ ಗಿಟಾರಿನ ತಂತಿಗಳು ಇ ಎ ಡಿ ಜಿ ಬಿ ಇ. ಇವುಗಳಲ್ಲಿ ಎರಡು ಇ ತಂತಿಗಳನ್ನೂ ಬಿ ತಂತಿಯನ್ನೂ ಒಂದೊಂದು ಪೂರ್ಣ ಸ್ವರ ಇಳಿಸಿದರೆ ಡಿ ಎ ಡಿ ಜಿ ಎ ಡಿ ಆಗುತ್ತದೆ. ಅಕ್ಷರಗಳನ್ನು ಕೂಡಿಸಿ ಅಲ್ಲಿನವರು ಅದನ್ನು 'ಡ್ಯಾಡ್‌ಗ್ಯಾಡ್' ಎನ್ನುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಮ್ ಇದನ್ನು ಬಳಕೆಗೆ ತಂದರು, 1970ರ ದಶಕದಲ್ಲಿ ಐರ್ಲೆಂಡಿನ ವಾದ್ಯತಂಡ ಬಾಥಿ ಬ್ಯಾಂಡಿನ ಮೀಹಾಲ್ ಓ ಡೋನಲ್ ಅವರಂಥವರು ಐರಿಷ್ ಧಾಟಿಗಳಿಗೆ ಒಗ್ಗಿಸಿದರು. ಇದರಲ್ಲಿ ಷಡ್ಜ, ಪಂಚಮಗಳು ತೆರೆದ ತಂತಿಗಳಲ್ಲೇ ಮೊಳಗುತ್ತವೆ, ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡ ಹಾಗೆ. ಎರಡನೆಯ ಮೆಟ್ಟಿಲಿಗೆ (ಫ್ರೆಟ್ಟಿಗೆ) ಎಲ್ಲ ತಂತಿಗಳನ್ನೂ ಒತ್ತುವ ಕೇಪೊ ಎಂಬ ಹಿಡಿಕೆ ಬಿಗಿದರೆ ಆ ಷಡ್ಜ ಇ ಆಗುತ್ತದೆ, 'ಕೂಲೀಸ್'ಗೆ ಅಷ್ಟೇ ಸಾಕು.

ಈ ಶ್ರುತಿಯ ನಿಜವಾದ ಲಾಭ ಬೇರೆ ಇದೆ. ಮೇಜರ್, ಮೈನರ್ ಎಂದು ಕಾರ್ಡನ್ನು ಬೇರ್ಪಡಿಸುವ ಗಾಂಧಾರದಂಥ ಮೂರನೆಯ ಸ್ವರವನ್ನು ಇದರಲ್ಲಿ ಸುಲಭವಾಗಿ ಬಿಟ್ಟುಬಿಡಬಹುದು. ಎ ಕಾರ್ಡನ್ನು ತೆಗೆದುಕೊಳ್ಳಿ: ಆರನೆಯ ತಂತಿಯನ್ನು ಮುಟ್ಟದೆ, ನಾಲ್ಕು ಮತ್ತು ಮೂರನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ ಒತ್ತಿ ಉಳಿದವನ್ನು ತೆರೆದಿಟ್ಟರೆ ಎ, ಇ, ಎ, ಎ, ಡಿ ಬರುತ್ತವೆ, ಎ ಕಾರ್ಡಿನ ಮೂರನೆಯ ಸ್ವರವಾದ ಸಿ ಎಲ್ಲಿಯೂ ಇಲ್ಲ. ಇದು ಏಕೆ ಮುಖ್ಯವೆಂದರೆ, ಡಿ ಮೇಲೆ ನಿಂತ ಅನೇಕ ಧಾಟಿಗಳಲ್ಲಿ ಹಳೆಯ ಪಿಟೀಲುಗಾರರು ಸಿ ಸ್ವರವನ್ನು ಒಂದು ಕಡೆ ಕಟ್ಟಿಹಾಕುವುದಿಲ್ಲ. ಏರುವಾಗ ಕಾಕಲಿ ನಿಷಾದದ ಹತ್ತಿರ, ಇಳಿಯುವಾಗ ಕೈಶಿಕಿಯ ಹತ್ತಿರ, ಕೆಲವೊಮ್ಮೆ ಎರಡರ ನಡುವಿನ ಹೆಸರಿಲ್ಲದ ಜಾಗದಲ್ಲಿ ಬೆರಳಿಡುತ್ತಾರೆ. ಗಿಟಾರಿನ ಮೆಟ್ಟಿಲಿಗೆ ಆ ನಡುವಿನ ಜಾಗ ಗೊತ್ತಿಲ್ಲ. ನಾನು ತುಂಬು ಎ ಮೇಜರ್ ಹೊಡೆದರೆ ಅದರೊಳಗಿನ ಸಿ ಶಾರ್ಪ್ ಅವರ ಬೆರಳನ್ನು ಅಪಸ್ವರವೆಂದು ಕೂಗಿ ಹೇಳಿದಂತಾಗುತ್ತದೆ, ವಾಸ್ತವದಲ್ಲಿ ಅಪಸ್ವರ ನನ್ನದು.

ಬಲಗೈಯ ವಿಷಯದಲ್ಲಿ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬೆವರಿದೆ. ರೀಲ್ ಚತುರಶ್ರ ನಡೆಯದು, ತಕಧಿಮಿ ಎಂದುಕೊಂಡು ಕೆಳಗೆ ಮೇಲೆ ಕೆಳಗೆ ಮೇಲೆ ಬೀಸಿದರೆ ಸಾಗುತ್ತದೆ. ಜಿಗ್ ತಿಶ್ರದ್ದು: ತಕಿಟ ತಕಿಟ. ಇಲ್ಲಿ ಕೈ ತಾನಾಗಿಯೇ ಕೆಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಮೇಲೆ ಎಂದು ಹೋಗುವುದರಿಂದ ಎರಡನೆಯ 'ತ' ಮೇಲ್ಮುಖದ ದುರ್ಬಲ ಬೀಸಿಗೆ ಬೀಳುತ್ತದೆ, ಕುಣಿಯುವವರ ಕಾಲು ಅಲ್ಲೇ ತಡವರಿಸುತ್ತದೆ. ಪ್ರತಿ 'ತ'ವೂ ಕೆಳಬೀಸಿಗೇ ಬರಬೇಕಾದರೆ ಕೆಳಗೆ ಮೇಲೆ ಕೆಳಗೆ, ಕೆಳಗೆ ಮೇಲೆ ಕೆಳಗೆ ಎಂದೇ ಹೊಡೆಯಬೇಕು. 'ಟ'ದಿಂದ 'ತ'ಗೆ ಹೋಗುವಾಗ ಕೈ ಸದ್ದಿಲ್ಲದೆ ಮೇಲಕ್ಕೆ ಹಾರಿ ಮತ್ತೆ ಇಳಿಯಬೇಕು. ನಿಮಿಷಕ್ಕೆ 60 ಪೆಟ್ಟಿನಲ್ಲಿ ಲಯ ಎಣಿಸುವ ಮೆಟ್ರೊನೋಮ್ ಇಟ್ಟು, ತಂತಿಗಳ ಮೇಲೆ ಎಡಗೈಯನ್ನು ಸುಮ್ಮನೆ ಹಾಸಿ, ಸ್ವರವಿಲ್ಲದ ಚಕಚಕ ಸದ್ದಿನಲ್ಲಿ ಒಂದು ಚಳಿಗಾಲವನ್ನೇ ಇದಕ್ಕೆ ಕೊಟ್ಟೆ. ತಂತಿ ಮೀಟುವ ದಪ್ಪ ಪಿಕ್ ಬಿಟ್ಟು, ಬಾಗುವ ತೆಳು ನೈಲಾನಿನದನ್ನು ಹಿಡಿದದ್ದೂ ಆಗಲೇ. ಪಿಟೀಲಿನ ದನಿ ನನಗೇ ಕೇಳಿಸತೊಡಗಿತು.

ಜೊತೆಜೊತೆಗೆ ಹಳೆಯ ಧ್ವನಿಮುದ್ರಣಗಳನ್ನು ಕೇಳಿದೆ. ಸ್ಲೈಗೊದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ಮಾಡಿದ ಗ್ರಾಮಫೋನ್ ತಟ್ಟೆಗಳಲ್ಲಿ ಪಿಟೀಲು ಬೆರಗು ಹುಟ್ಟಿಸುತ್ತದೆ, ಹಿಂದಿನ ಪಿಯಾನೊ ಮಾತ್ರ ಹಲವು ಕಡೆ ಧಾಟಿಯನ್ನೇ ಅರಿಯದೆ ಊಹೆಯಲ್ಲಿ ನಡೆಯುತ್ತದೆ. ನನ್ನ ಮೊದಲ ರಾತ್ರಿಯ ಪೂರ್ವಜ ಸಿಕ್ಕನೆಂದು ಸಮಾಧಾನಪಟ್ಟೆ. ಕೆವಿನ್ ಬರ್ಕ್ ಪಿಟೀಲಿಗೆ ಮೀಹಾಲ್ ಓ ಡೋನಲ್ ಗಿಟಾರ್ ನುಡಿಸಿರುವ 1979ರ ಮುದ್ರಿಕೆ ನನಗೆ ಪಠ್ಯಪುಸ್ತಕವಾಯಿತು. ಆದರೆ ಕೈ ಹಿಡಿದು ನಿಲ್ಲಿಸಿದವರು ಡೆನಿಸ್ ಕೇಹಿಲ್. ಪೂರ್ವ ಕ್ಲೇರಿನ ಮಾರ್ಟಿನ್ ಹೇಯ್ಸ್ ಅವರ ಪಿಟೀಲಿನ ಪಕ್ಕದಲ್ಲಿ ಶಿಕಾಗೊದ ಈ ಗಿಟಾರುಗಾರ, 2022ರಲ್ಲಿ ತೀರಿಕೊಳ್ಳುವ ತನಕ, ಎರಡು ಸ್ವರ ಮೀಟಿ ಉಳಿದದ್ದನ್ನು ಮೌನಕ್ಕೆ ಬಿಡುವ ಒಂದು ಬಗೆಯನ್ನು ಬೆಳೆಸಿದರು. ಇಬ್ಬರ 1997ರ ಮುದ್ರಿಕೆಯನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಗಿಟಾರ್ ಎಲ್ಲಿದೆ ಎಂದು ಕೆಲವೆಡೆ ಹುಡುಕಬೇಕಾಯಿತು. ಅವರು ಡ್ಯಾಡ್‌ಗ್ಯಾಡ್ ಬಳಸದೆ ಮಾಮೂಲಿ ಶ್ರುತಿಯಲ್ಲೇ ಇದನ್ನು ಸಾಧಿಸಿದರು ಎಂದು ತಿಳಿದಾಗ, ನನ್ನ ಶ್ರುತಿಯ ಜಂಬ ಸ್ವಲ್ಪ ಇಳಿಯಿತು.

ಕೂಟದ ರೀತಿನೀತಿ ಯಾರೂ ಬರೆದುಕೊಟ್ಟದ್ದಲ್ಲ. ಒಂದು ಮೇಜಿಗೆ ಒಂದು ಗಿಟಾರ್. ಧಾಟಿಗೆ ಇಂಥದೇ ಕಾರ್ಡ್ ಎಂಬ ಕಟ್ಟಳೆ ಇಲ್ಲದಿರುವುದರಿಂದ ಎರಡು ಗಿಟಾರುಗಳು ಎರಡು ದಾರಿ ಹಿಡಿಯುತ್ತವೆ. ಇನ್ನೊಬ್ಬರು ಮೊದಲೇ ಇದ್ದರೆ ಪೆಟ್ಟಿಗೆ ತೆರೆಯದೆ ಕೇಳುತ್ತ ಕೂರುತ್ತೇನೆ. ಇದ್ದವರು ಕರೆದರೆ ಪಿಟೀಲುಗಾರರ ಬಿಲ್ಲಿನ ಕೈ ಕಾಣುವ ಜಾಗದಲ್ಲಿ ಕೂರುತ್ತೇನೆ, ಮೊದಲ ಸುತ್ತು ಷಡ್ಜ, ಪಂಚಮಗಳನ್ನಷ್ಟೇ ಮೆಲ್ಲಗೆ ಮೀಟುತ್ತೇನೆ. ಧಾಟಿ ಬದಲಾಗುವ ಹೊತ್ತಿಗೆ ಅವರು ತಲೆಯೆತ್ತಿ ಒಮ್ಮೆ ನೋಡುತ್ತಾರೆ. ಹೊಸ ಧಾಟಿ ಯಾವ ಸ್ವರದ ಮೇಲೆ ನಿಲ್ಲುವುದೆಂದು ತಿಳಿಯುವವರೆಗೆ ಅಂಗೈಯಿಂದ ತಂತಿಗಳನ್ನು ಒತ್ತಿ ಲಯವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಜಿ ಇಂದ ಎ ಮೇಲಕ್ಕೆ ಹಾರುವ ಅಂಥ ಒಂದು ತಿರುವಿನಲ್ಲಿ ಕಳೆದ ಚಳಿಗಾಲ ಅದೇ ಹಿರಿಯರು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರ್ಕ್ ಮತ್ತು ಕೆರಿ ಗಡಿಯ ಸ್ಲೀವ್ ಲೂಕ್ರಾ ಸೀಮೆಯ ಪೋಲ್ಕಾಗಳು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಅವುಗಳಲ್ಲಿ ಒತ್ತು ಪೆಟ್ಟಿನ ಮೇಲಲ್ಲ, ಎರಡು ಪೆಟ್ಟುಗಳ ನಡುವಿನ ಎಡಪಿನಲ್ಲಿ ಬೀಳುತ್ತದೆ, ಎರಡು ಸುತ್ತು ಆಗುವಷ್ಟರಲ್ಲಿ ನನ್ನ ಕೈ ನೇರ ಪೆಟ್ಟಿಗೆ ಜಾರಿಬಿಡುತ್ತದೆ. ಯಾರಾದರೂ ಪೋಲ್ಕಾ ಎತ್ತಿಕೊಂಡರೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಮೇಜಿನ ಕೆಳಗೆ ಕಾಲಿನಿಂದ ಎಡಪನ್ನು ಎಣಿಸುತ್ತ ಕೂರುತ್ತೇನೆ.